ಲಾಡ್ಜ್‌ನವರು ‘ನೀವೇ ಕ್ಯಾನ್ಸಲ್ ಮಾಡಿ’ ಅಂದರೆ ಮಾಡಬೇಡಿ: ರಜೆ, ಜಾತ್ರೆ, ಮದುವೆ ದಿನಗಳಲ್ಲಿ ಚಿತ್ರದುರ್ಗ–ದಾವಣಗೆರೆಗೆ ಬರುವವರ ಗಮನಕ್ಕೆ

ಡಿಸೆಂಬರ್ ಕೊನೆಯ ವಾರ ಚಿತ್ರದುರ್ಗಕ್ಕೆ ಬಂದ ಒಂದು ಕುಟುಂಬಕ್ಕೆ ಆದದ್ದು ಇದು. ಆರು ಜನ, ಅವರಲ್ಲಿ ವಯಸ್ಸಾದ ಅಜ್ಜಿ, ಚಿಕ್ಕ ಮಕ್ಕಳು. ಕೋಟೆ, ಚಂದ್ರವಳ್ಳಿ, ಮಾರಿಕಣಿವೆ (ವಾಣಿವಿಲಾಸ ಸಾಗರ ಅಣೆಕಟ್ಟು) ನೋಡಿಕೊಂಡು ಆಮೇಲೆ ಹಂಪಿಗೆ ಹೋಗುವ ಲೆಕ್ಕ. ಒಂದು ತಿಂಗಳ ಮೊದಲೇ ಆ್ಯಪ್‌ನಲ್ಲಿ ಎರಡು ರೂಮು ಹಿಡಿದಿದ್ದರು. ರೂಮಿಗೆ ₹1,600ರಂತೆ ಎರಡು ರಾತ್ರಿಗೆ ₹6,400, ಜಿಎಸ್‌ಟಿ ₹320, ಒಟ್ಟು ₹6,720. ಅಷ್ಟನ್ನೂ ಮೊದಲೇ ಕಟ್ಟಿ ಕನ್ಫರ್ಮ್ ಮೆಸೇಜು ಪಡೆದಿದ್ದರು.

ರಾತ್ರಿ ಹತ್ತಕ್ಕೆ ಕೌಂಟರ್ ಮುಂದೆ ನಿಂತಾಗ ಸಿಕ್ಕ ಉತ್ತರ: “ಆನ್‌ಲೈನ್ ಬುಕಿಂಗ್ ನಮಗೆ ಬಂದೇ ಇಲ್ಲ ಸರ್. ಎಲ್ಲಾ ಫುಲ್ ಆಗೇತಿ. ನೀವು ಆ್ಯಪ್‌ನಾಗೆ ಕ್ಯಾನ್ಸಲ್ ಮಾಡ್ರಿ, ದುಡ್ಡು ವಾಪಸ್ ಬರ್ತತಿ. ಹೆಂಗೋ ಎರಡು ರೂಮ್ ಅಡ್ಜಸ್ಟ್ ಮಾಡಿಕೊಡ್ತೀನಿ, ಒಂದಕ್ಕೆ ನಾಲ್ಕೂವರೆ ಸಾವಿರ ಆಗುತ್ತೆ.” ಅಜ್ಜಿಯನ್ನು ಕೂರಿಸಿಕೊಂಡು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗುವುದು? ಕ್ಯಾನ್ಸಲ್ ಒತ್ತಿದರು. ಕೌಂಟರ್‌ನವರು ಕೊಟ್ಟ ನಂಬರಿಗೆ ₹9,000 ಯುಪಿಐ ಮಾಡಿದರು. ಬಿಲ್ ಕೇಳಿದ್ದಕ್ಕೆ “ಬೆಳಿಗ್ಗೆ ಕೊಡ್ತೀವಿ” ಅಂದರು. ಬೆಳಿಗ್ಗೆ ಬಿಲ್ ಸಿಗಲಿಲ್ಲ. ಮಧ್ಯಾಹ್ನ 12ಕ್ಕೆ ಖಾಲಿ ಮಾಡಿ, ಇಲ್ಲವಾದರೆ ಇನ್ನೊಂದು ದಿನದ ಬಾಡಿಗೆ ಕಟ್ಟಿ ಅಂದರು. ಆ್ಯಪ್‌ನಿಂದ ವಾಪಸ್ ಬಂದದ್ದು ಸೊನ್ನೆ. ಚೆಕ್‌ಇನ್ ದಿನ ಗ್ರಾಹಕರೇ ರದ್ದು ಮಾಡಿದರೆ ಹಣ ಮರಳುವುದಿಲ್ಲ ಎಂದು ಬುಕಿಂಗ್‌ನ ಷರತ್ತಿನಲ್ಲೇ ಇತ್ತು. ಹದಿನಾಲ್ಕು ಗಂಟೆ ತಲೆ ಊರಿದ್ದಕ್ಕೆ ₹15,720 ಹೋಯಿತು.

ಇಲ್ಲಿ ಬಾಡಿಗೆ ಏರಿದ್ದಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಆ ಒಂದು ಕ್ಯಾನ್ಸಲ್ ಬಟನ್. ಅದರ ಹಿಂದಿನ ಲೆಕ್ಕ ನೋಡಿ. ಆ್ಯಪ್‌ಗಳು ಲಾಡ್ಜ್‌ನಿಂದ ಸಾಮಾನ್ಯವಾಗಿ ಶೇ 15ರಿಂದ 25ರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಮಿಷನ್ ಹಿಡಿಯುತ್ತವೆ. ₹1,600ರ ರೂಮಿನಲ್ಲಿ ಶೇ 20 ಹೋದರೆ ಮಾಲೀಕನಿಗೆ ಉಳಿಯುವುದು ₹1,280. ಅದೇ ರೂಮನ್ನು ಬಾಗಿಲಿಗೆ ಬಂದವರಿಗೆ ₹4,500ಕ್ಕೆ ಕೊಟ್ಟರೆ ಅಷ್ಟೂ ಕೈಗೆ. ಆದರೆ ಲಾಡ್ಜ್‌ನವರೇ ಬುಕಿಂಗ್ ನಿರಾಕರಿಸಿದರೆ ಆ್ಯಪ್ ಅವರ ಮೇಲೆ ದಂಡ ಹಾಕಬಹುದು, ಪಟ್ಟಿಯಲ್ಲಿ ಕೆಳಕ್ಕೆ ತಳ್ಳಬಹುದು, ಗ್ರಾಹಕರಿಗೆ ಬೇರೆ ರೂಮು ಹುಡುಕಿಕೊಡುವ ಖರ್ಚನ್ನೂ ಅವರ ತಲೆಗೆ ಕಟ್ಟಬಹುದು. ನೀವಾಗಿಯೇ ರದ್ದು ಮಾಡಿದಿರಿ ಅಂತ ದಾಖಲಾದರೆ ಇದ್ಯಾವುದೂ ಅವರಿಗಿಲ್ಲ. ತಪ್ಪು ನಿಮ್ಮ ಹೆಸರಿಗೆ, ದುಡ್ಡು ಅವರ ಹೆಸರಿಗೆ.

ಆದ್ದರಿಂದ ಕೌಂಟರ್‌ನಲ್ಲಿ ಈ ಮಾತು ಕೇಳಿದ ತಕ್ಷಣ ಫೋನ್ ಕೆಳಗಿಡಿ. ಕ್ಯಾನ್ಸಲ್ ಒತ್ತಬೇಡಿ, “ಬುಕಿಂಗ್ ಬದಲಿಸಿ” ಎಂಬುದನ್ನೂ ಒತ್ತಬೇಡಿ, ಅವರು ಕೇಳಿದರೆ ಒಟಿಪಿಯನ್ನೂ ಹೇಳಬೇಡಿ. ಲಾಡ್ಜ್‌ನ ಬೋರ್ಡು, ಕೌಂಟರ್, ಗೋಡೆಗೆ ಹಾಕಿದ ದರಪಟ್ಟಿ ಎಲ್ಲದರ ಫೋಟೋ ತೆಗೆಯಿರಿ. ಅಲ್ಲಿಗೆ ಎಷ್ಟು ಹೊತ್ತಿಗೆ ಬಂದಿರಿ ಎಂಬುದಕ್ಕೆ ಅದು ಸಾಕ್ಷಿ. ಆಮೇಲೆ ಅಲ್ಲಿಂದಲೇ ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡಿ “ನಾನು ಲಾಡ್ಜ್‌ನಲ್ಲೇ ನಿಂತಿದ್ದೇನೆ, ಚೆಕ್‌ಇನ್ ನಿರಾಕರಿಸುತ್ತಿದ್ದಾರೆ, ನಾನು ರದ್ದು ಮಾಡುತ್ತಿಲ್ಲ” ಎಂದು ಇಷ್ಟೇ ಹೇಳಿ. ‘ಚೆಕ್‌ಇನ್ ನಿರಾಕರಣೆ’ ಎಂಬ ಮಾತು ದಾಖಲಾಗುವುದು ಮುಖ್ಯ. ಕರೆಯ ಜೊತೆಗೇ ಆ್ಯಪ್‌ನ ಚಾಟ್‌ನಲ್ಲೂ ಅದನ್ನೇ ಬರೆದು ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಆ್ಯಪ್‌ನವರು ಲಾಡ್ಜ್‌ಗೆ ಫೋನ್ ಮಾಡಿದಾಗ ಎಷ್ಟೋ ಸಲ “ಇಲ್ಲದ” ರೂಮು ಅಲ್ಲಿಯೇ ಹುಟ್ಟಿಕೊಳ್ಳುತ್ತದೆ. ಹಾಗಾಗದಿದ್ದರೆ ಬದಲಿ ರೂಮು ಅಥವಾ ಪೂರ್ತಿ ಹಣ, ಎರಡರಲ್ಲೊಂದನ್ನು ಲಿಖಿತವಾಗಿ ಕೇಳಿ. ಅನಿವಾರ್ಯವಾಗಿ ಅಲ್ಲೇ ದುಬಾರಿ ದರಕ್ಕೆ ಉಳಿಯಬೇಕಾಗಿ ಬಂದರೂ ಹಳೆಯ ಬುಕಿಂಗನ್ನು ಹಾಗೆಯೇ ಬಿಟ್ಟು, ಹೊಸ ಹಣಕ್ಕೆ ಬಿಲ್ ಪಡೆದುಕೊಳ್ಳಿ. ವ್ಯತ್ಯಾಸದ ಹಣ ಕೇಳಲು ಆಗ ನಿಮ್ಮ ಕೈಯಲ್ಲಿ ಎರಡೂ ಕಾಗದ ಇರುತ್ತವೆ.

‘ಹೋಟೆಲ್‌ನಲ್ಲೇ ಪಾವತಿ’ ಎಂಬ ಬುಕಿಂಗ್ ಈ ದಿನಗಳಲ್ಲಿ ಎಲ್ಲಕ್ಕಿಂತ ಸಡಿಲ. ದುಡ್ಡು ಬಂದಿಲ್ಲವಾದ್ದರಿಂದ ಅದನ್ನು ಬುಕಿಂಗ್ ಅಂತಲೇ ಲೆಕ್ಕಕ್ಕಿಡದ ಲಾಡ್ಜ್‌ಗಳಿವೆ. ಹಾಗಂತ ‘ಹಣ ವಾಪಸ್ ಇಲ್ಲ’ ಎಂಬ ಅಗ್ಗದ ದರಕ್ಕೂ ಬೀಳಬೇಡಿ. ಹಿಂದಿನ ದಿನದವರೆಗೆ ಉಚಿತವಾಗಿ ರದ್ದು ಮಾಡಬಹುದಾದ, ಆದರೆ ಮುಂಗಡ ಕಟ್ಟಿದ ಬುಕಿಂಗ್ ಇದ್ದುದರಲ್ಲಿ ವಾಸಿ. ಅದಕ್ಕೆ ₹100–200 ಹೆಚ್ಚಾದರೂ ಪರವಾಗಿಲ್ಲ. ಬುಕ್ ಮಾಡಿದ ದಿನವೇ ಒಮ್ಮೆ, ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಲಾಡ್ಜ್‌ಗೆ ನೇರವಾಗಿ ಫೋನ್ ಮಾಡಿ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೊಂದು ಸಾಲು ಕಳಿಸಿ:

“ಬುಕಿಂಗ್ ಸಂಖ್ಯೆ ಇಷ್ಟು, ಇಂಥ ಹೆಸರು, ಇಂಥ ತಾರೀಖು ರಾತ್ರಿ 10ಕ್ಕೆ ಬರುತ್ತೇವೆ, 2 ರೂಮು, 2 ರಾತ್ರಿ, ತೆರಿಗೆ ಸೇರಿ ₹6,720 ಕಟ್ಟಿದೆ, 4 ದೊಡ್ಡವರು 2 ಮಕ್ಕಳು, ಚೆಕ್‌ಔಟ್ 24 ಗಂಟೆ ಲೆಕ್ಕವೋ 12 ಗಂಟೆಯೋ ತಿಳಿಸಿ.”

ಅವರು “ಓಕೆ” ಅಂತ ಒಂದು ಪದ ಬರೆದರೂ ಮುಂದೆ ಅದು ಕೆಲಸಕ್ಕೆ ಬರುತ್ತದೆ. ಉತ್ತರವೇ ಬರದಿದ್ದರೆ, ಉಚಿತವಾಗಿ ರದ್ದು ಮಾಡುವ ಅವಧಿ ಮುಗಿಯುವ ಮೊದಲೇ ಬೇರೆ ಕಡೆ ನೋಡಿಕೊಳ್ಳಿ.

ಚೆಕ್‌ಔಟ್ ಪ್ರಶ್ನೆ ಸುಮ್ಮನೆ ಸೇರಿಸಿದ್ದಲ್ಲ. ನಮ್ಮ ಕಡೆಯ ಹಳೆಯ ಲಾಡ್ಜ್‌ಗಳಲ್ಲಿ 24 ಗಂಟೆ ಲೆಕ್ಕವೇ ರೂಢಿ. ರಾತ್ರಿ ಹತ್ತಕ್ಕೆ ಬಂದರೆ ಮರುರಾತ್ರಿ ಹತ್ತಕ್ಕೆ ಹೋದರಾಯಿತು. ಗಿರಾಕಿ ಹೆಚ್ಚಿರುವ ದಿನ ಅದನ್ನು ಹೇಳದೆ ಕೇಳದೆ ಮಧ್ಯಾಹ್ನ 12ಕ್ಕೆ ಇಳಿಸುತ್ತಾರೆ. ಒಂದೇ ರೂಮು ಒಂದೇ ದಿನ ಇಬ್ಬರಿಗೆ ಹೋಗುವುದು ಹಾಗೆ. ಹೆಚ್ಚುವರಿ ವ್ಯಕ್ತಿ, ಹೆಚ್ಚುವರಿ ಹಾಸಿಗೆ ಇವು ಬೇರೆ ಬೇರೆ ಬಾಬ್ತು. ಹಾಸಿಗೆ ಕೊಡದೆಯೂ ತಲೆ ಎಣಿಸಿ ದುಡ್ಡು ಕೇಳುವವರಿದ್ದಾರೆ, ಆದ್ದರಿಂದ ಮಕ್ಕಳ ವಯಸ್ಸನ್ನು ಬುಕಿಂಗ್‌ನಲ್ಲೇ ನಮೂದಿಸಿ. ಎಸಿ ರೂಮನ್ನೇ ರಿಮೋಟ್ ಕೊಡದೆ ನಾನ್‌ಎಸಿ ದರಕ್ಕೆ ಬಿಡುವ ಪದ್ಧತಿ ಮಾಮೂಲಿ ದಿನಗಳಲ್ಲಿ ಅನುಕೂಲವೇ. ಸೀಜನ್‌ನಲ್ಲಿ ಮಾತ್ರ “ನಾನ್‌ಎಸಿ ಖಾಲಿ ಇಲ್ಲ” ಎಂದು ಎಲ್ಲರಿಗೂ ಎಸಿ ದರವನ್ನೇ ಹೇಳುತ್ತಾರೆ.

ಇನ್ನು ಬಾಡಿಗೆ ಏರಿಸುವುದರ ವಿಷಯ. ನೀರಿನ ಬಾಟಲಿಯ ಮೇಲೆ ಇರುವಂತೆ ರೂಮಿಗೆ ಎಂಆರ್‌ಪಿ ಅಂತ ಇಲ್ಲ. ಖಾಲಿ ಇರುವ ರೂಮನ್ನು ಮೂರು ಪಟ್ಟು ಹೇಳಿದರೂ ಅದೊಂದೇ ಕಾರಣಕ್ಕೆ ಕಾನೂನು ತಪ್ಪಾಗುವುದಿಲ್ಲ. ಒಪ್ಪಿ, ಹಣ ಪಡೆದು, ಕನ್ಫರ್ಮ್ ಮಾಡಿದ ಮೇಲೆ ಏರಿಸಿದರೆ ಮಾತ್ರ ಅದು ಸೇವಾ ನ್ಯೂನತೆ. ಹೀಗಾಗಿ ಯಾವ ದಿನ ಏರುತ್ತದೆ ಎಂದು ಮೊದಲೇ ತಿಳಿದಿರುವುದೇ ದೊಡ್ಡ ರಕ್ಷಣೆ, ಮತ್ತು ಇದರಲ್ಲಿ ಚಿತ್ರದುರ್ಗ, ದಾವಣಗೆರೆಗಳ ಕ್ಯಾಲೆಂಡರ್ ಒಂದೇ ಅಲ್ಲ.

ಚಿತ್ರದುರ್ಗ ಪ್ರವಾಸಿಗರ ಊರು. ದಸರಾ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಶನಿವಾರ–ಭಾನುವಾರಕ್ಕೆ ಅಂಟಿಕೊಂಡು ಬರುವ ಸರ್ಕಾರಿ ರಜೆಗಳಲ್ಲಿ ಬಾಡಿಗೆ ಏರುತ್ತದೆ. ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿ ಹೆದ್ದಾರಿಗೇ ಕೋಟೆ ಕಾಣುವುದರಿಂದ ಹಂಪಿಗೆ ಹೋಗುವವರೂ ಇಲ್ಲೇ ಒಂದು ರಾತ್ರಿ ಇಳಿಯುತ್ತಾರೆ. ಹಿಂದೂ ಮಹಾಗಣಪತಿ ಶೋಭಾಯಾತ್ರೆಯ ದಿನ ಊರೊಳಗೆ ರೂಮು ಹಿಡಿದರೆ ಬಾಡಿಗೆಗಿಂತ ದೊಡ್ಡ ತೊಂದರೆ ಕಾರು ಒಳಗೆ ಬಿಡದಿರುವುದು. ಅಂದು ಬೈಪಾಸ್ ಬದಿಯ ಲಾಡ್ಜ್ ಆಗಬೇಕು. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವಕ್ಕೆ ಬರುವ ಜನ ಚಳ್ಳಕೆರೆ, ಚಿತ್ರದುರ್ಗ ಎರಡೂ ಕಡೆ ತುಂಬಿಕೊಳ್ಳುತ್ತಾರೆ. ವಾಣಿವಿಲಾಸ ಸಾಗರ ಕೋಡಿ ಬಿದ್ದರೆ ಹಿರಿಯೂರಿನಲ್ಲೂ ಹಾಗೆಯೇ. 1933ರ ನಂತರ 2022ರಲ್ಲಿ ಅದು ತುಂಬಿದಾಗ ಜನಸಾಗರವೇ ಬಂದಿತ್ತು.

ದಾವಣಗೆರೆ ಹಾಗಲ್ಲ, ಇದು ಮದುವೆಯ ಊರು, ಆಸ್ಪತ್ರೆಯ ಊರು, ಸಮಾವೇಶದ ಊರು. ಮಾಘದಿಂದ ವೈಶಾಖದವರೆಗಿನ ಒಳ್ಳೆಯ ಮುಹೂರ್ತಗಳ ದಿನ ಕಲ್ಯಾಣ ಮಂಟಪ ಹಿಡಿದವರು ಬೀಗರಿಗೆಂದು ಸುತ್ತಲಿನ ಲಾಡ್ಜ್‌ಗಳ ರೂಮುಗಳನ್ನು ಸಾಲುಸಾಲಾಗಿ ತಿಂಗಳುಗಳ ಮೊದಲೇ ಕಾಯ್ದಿರಿಸುತ್ತಾರೆ. ಆ್ಯಪ್‌ನಲ್ಲಿ ಉಳಿಯುವುದು ಬೆರಳೆಣಿಕೆಯ ರೂಮು, ಅದಕ್ಕೇ ದರ ಜಿಗಿಯುವುದು. ಪಂಚಾಂಗ ತೆಗೆದು ಒಂದೇ ವಾರದಲ್ಲಿ ಎಷ್ಟು ಮುಹೂರ್ತ ಇದೆ ನೋಡಿದರೆ ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ತಿಳಿಯುತ್ತದೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಹುಪಾಲು ಜನ ನೆಂಟರ ಮನೆಯ ಊಟಕ್ಕೆಂದೇ ಬಂದು ಅಲ್ಲೇ ಉಳಿಯುತ್ತಾರಾದರೂ ಹಳೇ ಪೇಟೆ ಹತ್ತಿರದ ಲಾಡ್ಜ್‌ಗಳು ಆ ವಾರ ಸಿಗುವುದಿಲ್ಲ. ರಾಜಕೀಯ ಸಮಾವೇಶಗಳು ಕ್ಯಾಲೆಂಡರ್‌ನಲ್ಲೇ ಇರುವುದಿಲ್ಲ. 2022ರ ಆಗಸ್ಟ್ 3ರ ಸಿದ್ದರಾಮೋತ್ಸವಕ್ಕೆ ಬಂದ ಜನರಿಂದ ಹೆದ್ದಾರಿಯೇ ನಿಂತಿತ್ತು. ಅಂಥ ದಿನ ರೂಮಿನ ಮಾತು ಬಿಡಿ, ಊರು ತಲುಪುವುದೇ ಕಷ್ಟ. ದಿನಪತ್ರಿಕೆಯ ಜಿಲ್ಲಾ ಪುಟವನ್ನು ಎರಡು ವಾರ ಮೊದಲಿನಿಂದ ಗಮನಿಸಿ.

ಈ ವ್ಯತ್ಯಾಸವನ್ನೇ ಬಳಸಿಕೊಳ್ಳಬಹುದು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆ ಇಲ್ಲ. ಆಗ ಚಿತ್ರದುರ್ಗ ತುಂಬಿರುತ್ತದೆ, ದಾವಣಗೆರೆಯಲ್ಲಿ ಡಿಸೆಂಬರ್ 31 ಒಂದನ್ನು ಬಿಟ್ಟರೆ ರೂಮು ಸುಲಭ. ಎರಡೂ ಊರಿನ ನಡುವೆ ಸುಮಾರು 60 ಕಿ.ಮೀ., ಹೆಬ್ಬಾಳು ಟೋಲ್ ದಾಟಿ ಒಂದು ಗಂಟೆಯ ದಾರಿ. ರಾತ್ರಿ ದಾವಣಗೆರೆಯಲ್ಲಿ ಉಳಿದು ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟರೂ ಬಿಸಿಲೇರುವ ಮೊದಲು ಕೋಟೆ ಹತ್ತಬಹುದು. ಮೇಲೆ ಹೇಳಿದ ಕುಟುಂಬಕ್ಕೂ ಇದೊಂದು ದಾರಿ ತೆರೆದೇ ಇತ್ತು. ತಿರುಗಿ ಮದುವೆ ಸೀಜನ್‌ನಲ್ಲಿ ದಾವಣಗೆರೆ ಸಿಗದಿದ್ದರೆ 14 ಕಿ.ಮೀ. ದೂರದ ಹರಿಹರ, ಇಲ್ಲವೇ ರಾಣೆಬೆನ್ನೂರು ನೋಡಿ. ಚಿತ್ರದುರ್ಗ ಕೋಟೆಯ ಹತ್ತಿರ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲ್ ಇದೆ. ಅದರ ದರ ನಿಗಮದ ಜಾಲತಾಣದಲ್ಲೇ ಇರುವುದರಿಂದ ರಾತ್ರೋರಾತ್ರಿ ಮೂರು ಪಟ್ಟಾಗುವ ಭಯ ಕಡಿಮೆ. ಆದರೆ ರೂಮು ಕೆಲವೇ, ಬೇಗ ಹಿಡಿಯಬೇಕು.

ರೋಗಿಗಳ ಜೊತೆ ಬರುವವರಿಗೆ ಈ ಆಯ್ಕೆಗಳೂ ಇಲ್ಲ, ಅವರ ಸಂಕಟವೇ ಹೆಚ್ಚು. ಹಾವೇರಿ, ವಿಜಯನಗರ, ಚಿತ್ರದುರ್ಗ ಕಡೆಯಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬಂದು ವಾರಗಟ್ಟಲೆ ಇರುವವರನ್ನು ಮುಹೂರ್ತದ ದಿನ “ಈ ಎರಡು ದಿನ ರೇಟು ಬೇರೆ” ಎಂದು ಎಬ್ಬಿಸುವುದುಂಟು. ದಿನದ ಲೆಕ್ಕಕ್ಕೆ ಇರಬೇಡಿ. ವಾರದ ಅಥವಾ ಹದಿನೈದು ದಿನದ ದರ ಮಾತಾಡಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಆಸ್ಪತ್ರೆಯವರನ್ನು ಮೊದಲು ಕೇಳಿ, ರೋಗಿಯ ಕಡೆಯವರಿಗೆ ಹತ್ತಿರದಲ್ಲಿ ವಸತಿ ಎಲ್ಲಿದೆ ಎಂಬುದು ಅಲ್ಲಿನ ಸಿಬ್ಬಂದಿಗೆ ಗೊತ್ತಿರುತ್ತದೆ.

ಬಿಲ್‌ನಲ್ಲಿ ನೋಡಬೇಕಾದ್ದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ 5; ಹಿಂದೆ ಶೇ 12 ಇತ್ತು, ಈಗಲೂ ಹಾಗೆಯೇ ಕೇಳಿದರೆ ಒಪ್ಪಬೇಡಿ. ₹7,500 ದಾಟಿದರೆ ಶೇ 18. ಇದು ದರಪಟ್ಟಿಯಲ್ಲಿರುವ ದರದ ಮೇಲಲ್ಲ, ಆ ದಿನ ನಿಜವಾಗಿ ಪಡೆದ ಬಾಡಿಗೆಯ ಮೇಲೆ. ಹೀಗಾಗಿ ₹7,400ರ ರೂಮು ತೆರಿಗೆ ಸೇರಿ ₹7,770 ಆದರೆ, ₹7,600ರದ್ದು ₹8,968 ಆಗುತ್ತದೆ. ದೊಡ್ಡ ಫ್ಯಾಮಿಲಿ ರೂಮು ಹಿಡಿಯುವವರು ಈ ಗಡಿಯ ಹತ್ತಿರ ಬಂದರೆ ಎರಡು ಸಣ್ಣ ರೂಮು ಕೇಳುವುದು ಲಾಭ. ಜಿಎಸ್‌ಟಿ ಕೇಳುವವರ ಬಿಲ್‌ನಲ್ಲಿ 29ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಸಂಖ್ಯೆ ಇಲ್ಲದವರು ತೆರಿಗೆ ಪಡೆಯುವಂತಿಲ್ಲ.

ಆ್ಯಪ್‌ನಲ್ಲಿ “ಒಂದೇ ರೂಮು ಉಳಿದಿದೆ” ಎಂದು ಕೆಂಪಕ್ಷರದಲ್ಲಿ ಬಂದರೆ ಲಾಡ್ಜ್‌ಗೆ ಫೋನ್ ಮಾಡಿ ಕೇಳಿ. ಆ ಆ್ಯಪ್‌ಗೆ ಕೊಟ್ಟಿದ್ದರಲ್ಲಿ ಒಂದು ಉಳಿದಿದೆ ಎಂಬುದೇ ಅದರರ್ಥ ಇರಬಹುದು. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ವಿಮೆ–ದೇಣಿಗೆ ಸೇರಿಸುವುದು, ಕೊನೆಯ ಪುಟದಲ್ಲಿ ಶುಲ್ಕ ತೋರಿಸುವುದು ಇವೆಲ್ಲ 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ಮೋಸದ ವಿಧಾನಗಳಲ್ಲಿ ಸೇರಿವೆ. ಆದರೆ ಫೋನ್ ಮಾಡುವ ನಂಬರ್ ಸರಿ ಇರಲಿ. ಮ್ಯಾಪ್‌ನಲ್ಲಿ ಲಾಡ್ಜ್‌ನ ನಂಬರ್ ಬದಲಿಸಿ ಕೂತ ಕಳ್ಳರು “ಕೊನೇ ರೂಮು, ಅರ್ಧ ಮುಂಗಡ ಹಾಕಿ” ಅನ್ನುತ್ತಾರೆ. ಎರಡು ಕಡೆ ನಂಬರ್ ತಾಳೆ ನೋಡಿ, ಯುಪಿಐನಲ್ಲಿ ಲಾಡ್ಜ್‌ನ ಹೆಸರು ಬರದೆ ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ. ಹಣ ಹೋಗಿಯೇ ಬಿಟ್ಟರೆ ಆ ಗಳಿಗೆಯಲ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಮುಂದಿನ ಖಾತೆಗಳಿಗೆ ದಾಟಿಬಿಡುತ್ತದೆ.

ಬುಕಿಂಗ್ ನಿರಾಕರಣೆಗೆ ಮೊದಲ ದೂರು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಹೇಳಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಹಣ ₹5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಘಟನೆ ಚಿತ್ರದುರ್ಗದಲ್ಲಿ ನಡೆದಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಬುಕಿಂಗ್ ಮೆಸೇಜು, ಕೌಂಟರ್‌ನ ಫೋಟೋ, ಆ್ಯಪ್‌ನ ಚಾಟ್, ಹೊಸದಾಗಿ ಕಟ್ಟಿದ ಹಣದ ಬಿಲ್ ಈ ನಾಲ್ಕನ್ನೂ ಮನೆಗೆ ಬಂದ ದಿನವೇ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಕೆಲವು ಆ್ಯಪ್‌ಗಳಲ್ಲಿ ಹಳೆಯ ಚಾಟ್ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ.