ನೂರು ಕೆಜಿ ದಾಟಿದವರಿಗೆ ಮೊದಲ ಪ್ಯಾಡಲ್‌ಬೋರ್ಡ್: 32 ಇಂಚೋ, 34 ಇಂಚೋ?

ಪ್ಯಾಡಲ್‌ಬೋರ್ಡ್ ಅಂದರೆ ನೀರಿನ ಮೇಲೆ ನಿಂತು ಹುಟ್ಟು ಹಾಕುವ ಹಲಗೆ. ಆನ್‌ಲೈನ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಹತ್ತೂವರೆ ಅಡಿ ಉದ್ದ, 32 ಇಂಚು ಅಗಲದ ಗಾಳಿ ತುಂಬುವ ಬೋರ್ಡು. ಎಪ್ಪತ್ತು ಕೆಜಿಯವರಿಗೆ ಸಾಕು. ನೂರು ದಾಟಿದ ಹೊಸಬರಿಗೆ ಬೇಡ. 11 ಅಡಿ ಅಥವಾ ತುಸು ಹೆಚ್ಚು ಉದ್ದ, 34 ಇಂಚು ಅಗಲ, 6 ಇಂಚು ದಪ್ಪ, 300 ಲೀಟರಿಗೂ ಮೇಲಿನ ಗಾತ್ರ: ಇದನ್ನೇ ಹುಡುಕಿ.

ಡಬ್ಬಿಯ ಮೇಲಿನ '150 ಕೆಜಿ' ನಂಬಬೇಡಿ. ಅದು ಗರಿಷ್ಠ ಭಾರ, ನೀವು ಸಲೀಸಾಗಿ ನಿಂತು ಹುಟ್ಟು ಹಾಕುವ ಮಿತಿಯಲ್ಲ. ಮೂರರಲ್ಲಿ ಎರಡು ಪಾಲು ಲೆಕ್ಕ ಹಿಡಿಯಿರಿ. ಬ್ಯಾಗು, ನೀರಿನ ಬಾಟಲಿಯೂ ಅದರಲ್ಲೇ ಸೇರಬೇಕು. ಅಗ್ಗದ ಒಂದೇ ಪದರದ ಬೋರ್ಡು ಭಾರಕ್ಕೆ ನಡುವೆ ಬಾಳೆಹಣ್ಣಿನಂತೆ ಬಾಗುತ್ತದೆ, ಕಾಲು ನಡುಗುತ್ತದೆ. ಎರಡು ಪದರದ್ದು ತೂಕ ಹೆಚ್ಚು, ಬೆಲೆಯೂ ಹೆಚ್ಚು, ಆದರೂ ಅದೇ ಸರಿ.

ಬಾಗಲು ಇನ್ನೊಂದು ಕಾರಣ ಒಳಗೆ ಗಾಳಿ ಸಾಲದಿರುವುದು. 15 ಪಿಎಸ್‌ಐ ಒತ್ತಡ ಬೇಕು. ಕೈಪಂಪು ಹತ್ತು ಪಿಎಸ್‌ಐ ಹೊತ್ತಿಗೆ ಬಿಗಿಯಾಗುತ್ತದೆ, ಜನ ಅಲ್ಲಿಗೇ ಕೈಬಿಡುತ್ತಾರೆ. ಕಾರಿನ 12 ವೋಲ್ಟಿಗೆ ಸಿಕ್ಕಿಸುವ ಪಂಪು ದುಂದಲ್ಲ. ತುಂಬಿದ ಬೋರ್ಡನ್ನು ಬಿಸಿಲಿಗೆ ಬಿಡಬೇಡಿ, ಒತ್ತಡ ಏರಿ ಅಂಟು ಬಿಡಬಹುದು.

ಹಾಸನದ ಶೆಟ್ಟಿಹಳ್ಳಿ ಕಡೆ ಹೇಮಾವತಿ ಹಿನ್ನೀರು ಬೇಸಿಗೆಯಲ್ಲಿ ಇಳಿಯುತ್ತದೆ. ಅಂಥ ತೆಳುನೀರಲ್ಲಿ ಬೋರ್ಡಿನಡಿಯ 9 ಇಂಚಿನ ಫಿನ್ (ರೆಕ್ಕೆ) ನೆಲಕ್ಕೆ ತಾಗಿದರೆ ಬೋರ್ಡು ನಿಲ್ಲುತ್ತದೆ, ನೀವು ಮುಂದಕ್ಕೆ ಬೀಳುತ್ತೀರಿ. ನಾಲ್ಕಿಂಚಿನದೂ ಇರಲಿ. ಲೈಫ್ ಜಾಕೆಟ್ ಎದೆಯ ಅಳತೆಗೇ ಕೊಳ್ಳಿ. 'ಫ್ರೀ ಸೈಜ್' ಬಕಲ್ ಹೊಟ್ಟೆಗೆ ಕೂಡುವುದೇ ಇಲ್ಲ! ಜಲಾಶಯಕ್ಕಿಳಿಯಲು ಅನುಮತಿ ಮೊದಲೇ ವಿಚಾರಿಸಿ.