ಧೂಳಿನ ಸೀಮೆಯ ಟ್ಯೂಷನ್ ಕೋಣೆಗೆ ಯಾವ ಗಾಳಿ: ಅಂಗಡಿ ಪ್ಯೂರಿಫೈಯರ್, ಎಕ್ಸಾಸ್ಟ್ ಫ್ಯಾನ್, ಕೈಯಾರೆ ಕಟ್ಟಿದ ಫಿಲ್ಟರ್ ಡಬ್ಬಿ

ನನ್ನ ಓಟು ಫಿಲ್ಟರ್ ಡಬ್ಬಿಗೆ, ಅಂದರೆ ಫಿಲ್ಟರುಗಳನ್ನೇ ಗೋಡೆಯಾಗಿ ನಿಲ್ಲಿಸಿ ಫ್ಯಾನ್ ಕೂರಿಸಿದ ಪೆಟ್ಟಿಗೆಗೆ. ಅಂಗಡಿಯ ಪ್ಯೂರಿಫೈಯರ್ ಕೆಟ್ಟದ್ದು ಅಂತಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಧೂಳಿಗೆ, ಇಲ್ಲಿ ಹೋಗಿ ಬರುವ ಕರೆಂಟಿಗೆ, ತಿಂಗಳ ಫೀಸಿನ ಮೇಲೆ ನಡೆಯುವ ಟ್ಯೂಷನ್‌ನ ಜೇಬಿಗೆ ಅದು ಒಗ್ಗುವುದಿಲ್ಲ.

ನಮ್ಮ ಕಡೆಯ ಪೇಚೇ ಬೇರೆ. ಬೆಂಗಳೂರಲ್ಲಿ ಕೂತವರು ‘ಕಿಟಕಿ ತೆಗೆದಿಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತೋರಣಗಲ್ಲು, ಕುಡಿತಿನಿ, ಗಿಣಿಗೇರಿ, ಶಕ್ತಿನಗರದಂಥ ಫ್ಯಾಕ್ಟರಿ, ಪವರ್ ಪ್ಲಾಂಟುಗಳ ಆಸುಪಾಸಿನಲ್ಲಿ ಕಿಟಕಿ ತೆಗೆದಿಟ್ಟರೆ ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಕಿಟಕಿ ಹಾಕಿದರೆ ಧೂಳು ಹೊರಗೆ ನಿಲ್ಲುತ್ತದೆ, ಮಕ್ಕಳು ಬಿಟ್ಟ ಉಸಿರು ಒಳಗೇ ಉಳಿಯುತ್ತದೆ. ಫ್ಲೂ, ಕೋವಿಡ್, ದಡಾರ, ಕ್ಷಯ ಒಬ್ಬರಿಂದ ಒಬ್ಬರಿಗೆ ದಾಟಲು ಆ ಉಳಿದ ಉಸಿರು ದೊಡ್ಡ ದಾರಿ. ಹಾಗಾಗಿ ಧೂಳು ಮತ್ತು ಉಸಿರು ಎರಡನ್ನೂ ಒಟ್ಟಿಗೆ ನೋಡುವ ಸಾಮಾನು ಬೇಕು.

ಲೆಕ್ಕಕ್ಕೆ ಹಿಡಿದ ಕೋಣೆ 12×15 ಅಡಿ, ಎತ್ತರ 10 ಅಡಿ, ಇಪ್ಪತ್ತು ಮಕ್ಕಳು. ಅಂದರೆ 1800 ಘನ ಅಡಿ, ಸುಮಾರು 51 ಘನ ಮೀಟರ್. ಗಂಟೆಗೆ ಐದು ಸಲವಾದರೂ ಕೋಣೆಯ ಗಾಳಿ ಬದಲಾದಷ್ಟು ಶುದ್ಧ ಗಾಳಿ ಸಿಗಬೇಕು ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿತು. 51ನ್ನು ಐದರಿಂದ ಗುಣಿಸಿದರೆ ಗಂಟೆಗೆ 255 ಘನ ಮೀಟರ್. ಇಷ್ಟು ಮಕ್ಕಳು ಒತ್ತಾಗಿ ಕೂರುವಲ್ಲಿ ಅದು ಕೆಳಗಿನ ಗೆರೆ, 350ರ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು. ಸೀಲಿಂಗ್ ಫ್ಯಾನ್ ಇದರಲ್ಲಿ ಲೆಕ್ಕಕ್ಕಿಲ್ಲ, ಅದು ಇದ್ದ ಗಾಳಿಯನ್ನೇ ಕಲಕುತ್ತದೆ.

ಅಂಗಡಿ ಪ್ಯೂರಿಫೈಯರ್

ಒಳಗಿನ ಹೆಪಾ ಫಿಲ್ಟರ್ (ಬಹಳ ಸಣ್ಣ ಕಣವನ್ನೂ ಹಿಡಿಯುವಂಥದ್ದು) ಬಗ್ಗೆ ತಕರಾರಿಲ್ಲ. ತಕರಾರು ಡಬ್ಬದ ಮೇಲೆ ಬರೆದ ಸಿಎಡಿಆರ್ ಅಂಕಿಯ ಬಗ್ಗೆ, ಅಂದರೆ ಮಷೀನು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿ. ಅದು ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಓಡುವಾಗಿನ ಅಂಕಿ. ಆ ಸ್ಪೀಡಿನಲ್ಲಿ ಪಾಠ ಮಾಡುವವರ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ, ಯಾರಾದರೂ ಎದ್ದು ಹೋಗಿ ಒಂದಕ್ಕೆ ಇಳಿಸುತ್ತಾರೆ. ಅಲ್ಲಿಗೆ 300 ಎಂದು ಬರೆದ ಮಷೀನು ಅದರ ಮೂರನೇ ಒಂದು ಪಾಲು ಕೊಟ್ಟರೆ ಹೆಚ್ಚು.

ಆಟೋ ಮೋಡ್ ಇದಕ್ಕಿಂತ ಕೆಟ್ಟದ್ದು. ಮಷೀನಿನ ಸೆನ್ಸರ್ ಎಣಿಸುವುದು ಧೂಳಿನ ಕಣ. ಕಿಟಕಿ ಹಾಕಿ ಅರ್ಧ ಗಂಟೆಯಾದ ಮೇಲೆ ಧೂಳು ಇಳಿಯುತ್ತದೆ, ದೀಪ ಹಸಿರಾಗುತ್ತದೆ, ಫ್ಯಾನ್ ನಿದ್ದೆಗೆ ಜಾರುತ್ತದೆ. ಕೋಣೆಯಲ್ಲಿ ಇಪ್ಪತ್ತು ಜನರ ಉಸಿರು ತುಂಬಿರುವುದು ಸರಿಯಾಗಿ ಆಗಲೇ. ಅದೇ ಬಾಗಿಲು ತೆಗೆದು ಹೊರಗೆ ಟಿಪ್ಪರ್ ಹಾದುಹೋದರೆ ದೀಪ ಕೆಂಪಾಗಿ ಕೂಗಲು ಶುರು. ಸೋಂಕು ತಡೆಯಲು ತಂದಿದ್ದರೆ ಆಟೋ ಬಿಡಿ, ಜನ ಇರುವಷ್ಟು ಹೊತ್ತೂ ಒಂದೇ ಸ್ಪೀಡಿನಲ್ಲಿ ಓಡಿಸಿ. ಈ ಕಡೆಯ ಧೂಳಿಗೆ ಸೆನ್ಸರ್ ಕಿಂಡಿಯೂ ಬೇಗ ಮಂಕಾಗುತ್ತದೆ. ಪಕ್ಕದ ಚಿಕ್ಕ ಮುಚ್ಚಳ ತೆಗೆದು ಒಣ ಕಿವಿ ಕಡ್ಡಿಯಿಂದ ಲೆನ್ಸನ್ನು ಒರೆಸಬೇಕು.

ಅಯೊನೈಸರ್, ಪ್ಲಾಸ್ಮಾ ಎಂಬ ಗುಂಡಿ ಇದ್ದರೆ ಆಫ್ ಇರಲಿ, ಅದರಿಂದ ಹೊರಡಬಹುದಾದ, ಶ್ವಾಸಕೋಶ ಕೆರಳಿಸುವ ಓಜೋನ್ ಅನಿಲ ಯಾರಿಗೂ ಬೇಡ. ಹೊಸ ಮಷೀನಿನ ಫಿಲ್ಟರ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯದೆ ತಿಂಗಳುಗಟ್ಟಲೆ ಓಡಿಸಿದವರು ಬೇಕಾದಷ್ಟು ಜನ ಸಿಗುತ್ತಾರೆ, ಒಮ್ಮೆ ತೆಗೆದು ನೋಡಿ.

ಎಕ್ಸಾಸ್ಟ್ ಫ್ಯಾನ್

ಅಗ್ಗ. ಉಸಿರನ್ನು ನಿಜವಾಗಿ ಹೊರಗೆ ಹಾಕುವುದು ಇದೊಂದೇ. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ನಿಲ್ಲುವುದಿಲ್ಲ. ಬಾಗಿಲು, ಕಿಟಕಿ ಹಾಕಿದ ಈ ಕೋಣೆಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಅದು 420 ಪಿಪಿಎಂನಿಂದ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ಶುರುವಾಗಿ ಅರ್ಧ ಗಂಟೆಯೊಳಗೆ 2000 ದಾಟುತ್ತದೆ, ಲೆಕ್ಕ ಹಾಕಿದರೂ ಅಷ್ಟೇ, ಮೀಟರ್ ಇಟ್ಟರೂ ಅಷ್ಟೇ. 800ರ ಆಸುಪಾಸಿನಲ್ಲಿ ಹಿಡಿದಿಡುವುದು ಗುರಿ. ಮೀಟರ್ ಕೊಳ್ಳುವುದಾದರೆ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಆ ಅನಿಲವನ್ನೇ ಅಳೆಯುವಂಥದ್ದು) ಇದೆಯಾ ಎಂದು ಕೇಳಿ. ಸಾವಿರ ರೂಪಾಯಿಯೊಳಗೆ ಸಿಗುವ ಬಹುಪಾಲು ಮೀಟರುಗಳು ವಾಸನೆ ಹಿಡಿದು ಅಂದಾಜು ಅಂಕಿ ತೋರಿಸುತ್ತವೆ, ಅಗರಬತ್ತಿ ಹಚ್ಚಿದರೂ ಏರುತ್ತವೆ.

ಫ್ಯಾನ್ ಕೂರಿಸುವ ಜಾಗದಲ್ಲೇ ಹೆಚ್ಚಿನವರು ಎಡವುತ್ತಾರೆ. ಬಾಗಿಲ ಮೇಲೆ, ಒಳಗಿನ ಪಡಸಾಲೆಗೆ ತೆರೆಯುವ ಹಾಗೆ ಕೂರಿಸಿದರೆ ಗಾಳಿ ಅಲ್ಲಿಂದಲೇ ವಾಪಸು ಬರುತ್ತದೆ. ಹೊರಗೋಡೆಯಲ್ಲಿರಬೇಕು, ಅದರ ಎದುರು ಗೋಡೆಯ ಕಿಟಕಿ ನಾಲ್ಕು ಬೆರಳಾದರೂ ತೆರೆದಿರಬೇಕು. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ರೆಕ್ಕೆ ತಿರುಗುತ್ತದೆ, ಗಾಳಿ ಸರಿಯುವುದಿಲ್ಲ.

ಆದರೆ ಆ ನಾಲ್ಕು ಬೆರಳ ಸಂದಿಯಲ್ಲಿ ಬರುವುದು ಏನು? ಒಂದು ಕಡೆ ಅದಿರಿನ ಕೆಂಪು ಧೂಳು, ಇನ್ನೊಂದು ಕಡೆ ಕಪ್ಪು ಮಸಿ, ರಾಯಚೂರಲ್ಲಾದರೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿ, ಸುಗ್ಗಿಯಲ್ಲಿ ಹತ್ತಿ ಎಳೆ. ಹೊತ್ತು ನೋಡಿ ತೆಗೆದರೆ ಸ್ವಲ್ಪ ಪಾರಾಗಬಹುದು. ಚಳಿಗಾಲದ ಬೆಳಿಗ್ಗೆ ಒಂಬತ್ತರವರೆಗೆ, ಮತ್ತೆ ರಾತ್ರಿ, ಹೊಗೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಬಿಸಿಲೇರಿದ ಮೇಲೆ ಮೇಲಕ್ಕೆ ಎದ್ದು ಚದುರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ತೆಗೆಯುವುದು ಲೇಸು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಈ ಮಾತು ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ ವಿಷಯ.

ಆಗ ಕೂಲರ್ ಇದ್ದವರು ಅದರ ಬೆನ್ನನ್ನು ಕಿಟಕಿಗೆ ಕೊಟ್ಟು ಎದುರು ಕಿಟಕಿ ತೆಗೆದಿಡಿ: ಹೊರಗಿನ ಗಾಳಿ ಧಾರಾಳ ಬರುತ್ತದೆ, ದಪ್ಪ ಧೂಳು ಒದ್ದೆ ಹುಲ್ಲಿನಲ್ಲಿ ನಿಲ್ಲುತ್ತದೆ, ಸಣ್ಣ ಕಣ ನಿಲ್ಲುವುದಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ.

ಫಿಲ್ಟರ್ ಡಬ್ಬಿ

2020ರಲ್ಲಿ ಅಮೆರಿಕದ ಒಳಾಂಗಣ ಗಾಳಿಯ ಪರಿಣತ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ಕಂಪನಿಯ ಜಿಮ್ ರೋಸೆಂಥಾಲ್ ಅವರಿಂದ ಬಂದ ಉಪಾಯ ಇದು. ನಾಲ್ಕು ಫಿಲ್ಟರ್ ನಿಲ್ಲಿಸಿ, ಮೇಲೆ ಚೌಕ ಬಾಕ್ಸ್ ಫ್ಯಾನ್ ಇಟ್ಟು ಟೇಪ್ ಸುತ್ತುವುದು. ಆ ಬಾಕ್ಸ್ ಫ್ಯಾನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. 12 ಇಂಚಿನ, 900 ಆರ್‌ಪಿಎಂನ ಎಕ್ಸಾಸ್ಟ್ ಫ್ಯಾನ್ ಇಟ್ಟರೂ ನಡೆಯುತ್ತದೆ, ಆದರೆ ಗುಂಯ್‌ಗುಡುತ್ತದೆ. ನನಗೆ ಒಪ್ಪಿಗೆಯಾದದ್ದು ಕಂಪ್ಯೂಟರ್ ಕ್ಯಾಬಿನೆಟ್‌ನ 120 ಮಿಮೀ ಫ್ಯಾನುಗಳ ಡಬ್ಬಿ.

ಬೇಕಾದದ್ದು: ಎಂಟು ಫ್ಯಾನ್, 2 ಇಂಚು ದಪ್ಪದ 24×24 ಇಂಚಿನ ಎರಡು ಫಿಲ್ಟರ್, ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ 5 ಮಿಮೀ ಸನ್‌ಬೋರ್ಡ್, ಸಿಸಿಟಿವಿ ಅಂಗಡಿಯ 12 ವೋಲ್ಟ್ 3 ಆಂಪ್ ಅಡಾಪ್ಟರ್, ಫ್ಯಾನ್ ಸ್ಪ್ಲಿಟರ್ ವೈರ್, ಅಲ್ಯೂಮಿನಿಯಂ ಟೇಪ್. ಫ್ಯಾನ್ ಕೊಳ್ಳುವಾಗ ಬಣ್ಣದ ಲೈಟು ನೋಡಬೇಡಿ, ಸ್ಟ್ಯಾಟಿಕ್ ಪ್ರೆಶರ್ (ಅಡ್ಡಿ ಇದ್ದರೂ ಗಾಳಿ ತಳ್ಳುವ ಶಕ್ತಿ) ನೋಡಿ; ಅದನ್ನು ಮಿಮೀ ನೀರಿನ ಲೆಕ್ಕದಲ್ಲಿ ಬರೆಯುತ್ತಾರೆ, 2ಕ್ಕಿಂತ ಕಡಿಮೆ ಇದ್ದದ್ದು ಫಿಲ್ಟರಿನ ಹಿಂದೆ ಸುಮ್ಮನೆ ತಿರುಗುತ್ತದೆ. ಎರಡು ಫಿಲ್ಟರುಗಳನ್ನು ಎದುರುಬದುರಾಗಿ, ಒಂದಡಿ ಅಂತರದಲ್ಲಿ ನಿಲ್ಲಿಸಿ, ಎರಡರ ಬಾಣದ ಗುರುತೂ ಒಳಮುಖ. ಎರಡು ಪಕ್ಕ ಮತ್ತು ತಳಕ್ಕೆ ಬೋರ್ಡ್. ಮೇಲಿನ ಬೋರ್ಡಿನಲ್ಲಿ 115 ಮಿಮೀ ಅಗಲದ ಎಂಟು ತೂತು, ನಾಲ್ಕರ ಎರಡು ಸಾಲು. ಫ್ಯಾನ್ ಗಾಳಿಯನ್ನು ಮೇಲಕ್ಕೆ ಊದಬೇಕು. ಎಲ್ಲ ಅಂಚಿಗೂ ಟೇಪ್ ಹಾಕಿದ ಮೇಲೆ ಫ್ಯಾನ್ ಓಡಿಸಿ, ಅಗರಬತ್ತಿಯ ಹೊಗೆಯನ್ನು ಮೂಲೆ ಮೂಲೆಗೆ ಹಿಡಿಯಿರಿ. ಹೊಗೆ ಸಂದಿಯೊಳಗೆ ಎಳೆದುಕೊಂಡರೆ ಅಲ್ಲಿ ಇನ್ನೊಂದು ಸುತ್ತು ಟೇಪ್. ಕಿಟಕಿ ಪಕ್ಕ ಬೇಡ, ಮಕ್ಕಳ ನಡುವಿನ ಜಾಗದಲ್ಲಿ ನೆಲದ ಮೇಲಿಡಿ, ಫಿಲ್ಟರಿಗೂ ಗೋಡೆಗೂ ಒಂದಡಿ ಬಿಡಿ.

ಒಂದು ಫ್ಯಾನಿಗೆ ಗಂಟೆಗೆ 40ರಿಂದ 50 ಘನ ಮೀಟರ್ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ಎಂಟಕ್ಕೆ 320ರಿಂದ 400. ಪೂರ್ತಿ ಸ್ಪೀಡಿನಲ್ಲೂ ಪಾಠ ಕೇಳಿಸುತ್ತದೆ, ಹಾಗಾಗಿ ಯಾರೂ ಎದ್ದು ಹೋಗಿ ಇಳಿಸುವುದಿಲ್ಲ. ನನಗೆ ಇದೇ ದೊಡ್ಡ ಗುಣ. ಇನ್ನೊಂದು ಕರೆಂಟು: ಎಂಟೂ ಸೇರಿ 15ರಿಂದ 20 ವಾಟ್ ಅಷ್ಟೇ. ಲೈಟು ಹೋದರೆ 12 ವೋಲ್ಟ್ 7 ಆಂಪ್-ಅವರ್‌ನ ಸಣ್ಣ ಬ್ಯಾಟರಿಯಲ್ಲಿ ನೇರವಾಗಿ ಎರಡು ಗಂಟೆ ಓಡುತ್ತದೆ, ಇನ್ವರ್ಟರಿನ ಹಂಗಿಲ್ಲ.

ಫಿಲ್ಟರ್ ಕೊಳ್ಳುವ ತಲೆನೋವು

ಈ ಡಬ್ಬಿಯ ಕಷ್ಟವೆಲ್ಲ ಇಲ್ಲೇ. ಎಸಿ ಸಾಮಾನಿನ ಅಂಗಡಿಯಲ್ಲಿ ಫಿಲ್ಟರಿನ ದರ್ಜೆ ಹೇಳಿ ‘ಮರ್ವ್ 13 ಕೊಡ್ರಿ’ ಅಂದರೆ ಬರುವ ಉತ್ತರ: ‘ಅದೆಲ್ಲ ಯಾಕ್ರೀ ಸರ, ಐದು ಮೈಕ್ರಾನಿಂದು ಐತಿ, ಭಾಳ ಫೈನ್ ಐತಿ, ತೊಳದು ತೊಳದು ಎರಡು ವರ್ಷ ಹಾಕ್ಬೋದು.’ ಅವರು ತೋರಿಸುವುದು ಎರಡೂ ಬದಿ ಜಾಲರಿ ಹಾಕಿ, ಮಡಿಕೆ ಮಡಿಕೆಯಾಗಿ ಹೊಲಿದ ಬಿಳಿ ಬಟ್ಟೆಯ ಫಿಲ್ಟರ್. ಫ್ಯಾಕ್ಟರಿಯ ಎಸಿ ಪ್ಲಾಂಟಿಗೆ ಅದು ಸರಿ, ನಮ್ಮ ಕೆಲಸಕ್ಕಲ್ಲ. ಐದು ಮೈಕ್ರಾನ್ (ಒಂದು ಮೈಕ್ರಾನ್ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಎಂದರೆ ಅಷ್ಟು ದಪ್ಪದ ಕಣವನ್ನು ಹಿಡಿಯುತ್ತದೆ ಎಂದಷ್ಟೇ ಮಾತು; ಅದಕ್ಕಿಂತ ಸಣ್ಣದರ ಬಗ್ಗೆ ಏನೂ ಹೇಳಿಲ್ಲ. ಮಾತಾಡುವಾಗ, ಉಸಿರು ಬಿಡುವಾಗ ಬರುವ ತೇಲುಹನಿಗಳಲ್ಲಿ ಹೆಚ್ಚಿನವು ಐದಕ್ಕಿಂತ ಎಷ್ಟೋ ಸಣ್ಣವು.

ಮರ್ವ್ 13 ಎಂಬ ದರ್ಜೆಗೆ ಅಳತೆ ಇದೆ: 0.3ರಿಂದ 1 ಮೈಕ್ರಾನಿನ ಕಣದಲ್ಲಿ ಕನಿಷ್ಠ 50%, 1ರಿಂದ 3ರದ್ದರಲ್ಲಿ 85%, 3ರಿಂದ 10ರದ್ದರಲ್ಲಿ 90% ಹಿಡಿಯಬೇಕು. ಹೆಪಾ ಮುಂದೆ 50% ಕಡಿಮೆ ಅನಿಸಬಹುದು. ಆದರೆ ಅದೇ ಗಾಳಿ ಮತ್ತೆ ಮತ್ತೆ ಡಬ್ಬಿಯೊಳಗೆ ಹಾಯುತ್ತದೆ, ಹೆಪಾಗಿಂತ ಸಲೀಸಾಗಿ ಹಾಯುತ್ತದೆ. ನಮ್ಮ ಮಾರ್ಕೆಟ್ಟಿನಲ್ಲಿ ಇದಕ್ಕೆ ಹತ್ತಿರದ್ದು ಎಫ್7 ಎಂಬ ಯುರೋಪಿನ ದರ್ಜೆ. ಫೋನಿನಲ್ಲಿ ಮೈಕ್ರಾನ್ ಮಾತೇ ಎತ್ತಬೇಡಿ. ‘ಎಫ್7 ಅಥವಾ ಮರ್ವ್ 13, ಬಿಲ್ಲಿನಲ್ಲಿ ಬರೆದು ಕೊಡಿ’ ಅನ್ನಿ. ಬರೆಯಲು ಒಪ್ಪದಿದ್ದರೆ ಬೇರೆ ಅಂಗಡಿ. ಹೈದರಾಬಾದ್, ಬೆಂಗಳೂರಿನಿಂದ ಟ್ರಾನ್ಸ್‌ಪೋರ್ಟಿನಲ್ಲಿ ತರಿಸುವುದೇ ಕೊನೆಗೆ ಸುಲಭ.

ಬಂದ ಮೇಲೆ ಪರೀಕ್ಷೆ: ಪಿಎಂ2.5 (ಸಣ್ಣ ಧೂಳು ಅಳೆಯುವ) ಮೀಟರನ್ನು ಕೋಣೆಯ ಗಾಳಿಗೆ ಹಿಡಿಯಿರಿ, ಆಮೇಲೆ ಡಬ್ಬಿಯ ಮೇಲೆ, ಫ್ಯಾನಿನ ಬಾಯಿಗೆ ಹಿಡಿಯಿರಿ. ಕೋಣೆಯ ಗಾಳಿಯಲ್ಲಿ 100 ಇದ್ದರೆ ಫ್ಯಾನಿನ ಬಾಯಲ್ಲಿ 40ಕ್ಕಿಂತ ಕೆಳಗೆ ಬರಬೇಕು. 80 ತೋರಿಸಿದರೆ ಒಂದೋ ಟೇಪ್ ಬಿಟ್ಟಿದೆ, ಇಲ್ಲವೇ ಫಿಲ್ಟರ್ ಸುಳ್ಳು.

ಇನ್ನು ಅಳತೆ. 24×24 ಎಂದು ಕೇಳಿದರೆ 592 ಮಿಮೀ ಬರಬಹುದು, 610 ಬರಬಹುದು. ಫಿಲ್ಟರ್ ಕೈಗೆ ಬರುವ ಮುಂಚೆ ಸನ್‌ಬೋರ್ಡ್ ಕತ್ತರಿಸಿದರೆ ಬೋರ್ಡ್ ದಂಡ.

ತೊಳೆಯುವ ಚಾಳಿಯನ್ನಂತೂ ಬಿಡಲೇಬೇಕು. ಇಂಥ ಬಹಳಷ್ಟು ಫಿಲ್ಟರುಗಳ ಎಳೆಯಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ, ಸಣ್ಣ ಕಣವನ್ನು ಸೆಳೆದುಕೊಳ್ಳುವುದು ಅದೇ. ಸೋಪಿನ ನೀರಿಗೆ ಅದು ಕಳೆದುಹೋಗುತ್ತದೆ, ಸ್ಯಾನಿಟೈಸರ್ ಸಿಂಪಡಿಸಿದರೂ ಕಳೆದುಹೋಗುತ್ತದೆ. ನೋಡಲು ಮಾತ್ರ ಬೆಳ್ಳಗೆ ಹೊಸದರ ಹಾಗೇ ಇರುತ್ತದೆ. ಎನ್95 ಮಾಸ್ಕಿಗೂ ಇದೇ ಮಾತು. ಧೂಳು ಕಟ್ಟದ ಹಾಗೆ ಹೊರಗಡೆ ಒಂದು ಪದರ ಸೊಳ್ಳೆ ಪರದೆ ಬಿಗಿಯಿರಿ. ಹತ್ತಿ ಎಳೆ, ಕೂದಲು ಅದಕ್ಕೇ ನಿಲ್ಲುತ್ತವೆ, ವಾರಕ್ಕೊಮ್ಮೆ ಪರದೆ ಬಿಚ್ಚಿ ತೊಳೆದರೆ ಸಾಕು. ಫಿಲ್ಟರ್ ಆರು ತಿಂಗಳಿಗೆ ಬದಲು, ಕ್ವಾರಿ ಇಲ್ಲವೇ ಅದಿರು ಲಾರಿಗಳ ರಸ್ತೆ ಪಕ್ಕ ಇದ್ದರೆ ಇನ್ನೂ ಮುಂಚೆ. ಬದಲಿಸುವಾಗ ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಬಿಚ್ಚಿ, ಕೊಡವಬೇಡಿ, ನೇರ ಚೀಲಕ್ಕೆ ಹಾಕಿ ಬಾಯಿ ಕಟ್ಟಿ.

ದುಡ್ಡಿನ ಮಾತು

ಡಬ್ಬಿಗೆ ಏಳೆಂಟು ಸಾವಿರ ಬೀಳುತ್ತದೆ, ಅಷ್ಟೇ ಗಾಳಿ ಕೊಡುವ ಪ್ಯೂರಿಫೈಯರಿಗೆ ಹತ್ತರಿಂದ ಹದಿನೈದು. ಕೊಳ್ಳುವಾಗಿನ ಉಳಿತಾಯ ದೊಡ್ಡದಲ್ಲ. ಒಂದು ಫ್ಯಾನ್ ಕೆಟ್ಟರೆ ಉಳಿದ ಏಳು ಓಡುತ್ತವೆ, ಹೊಸ ಫ್ಯಾನ್ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ಪ್ಯೂರಿಫೈಯರಿನ ಬೋರ್ಡ್ ಹೋದರೆ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಹುಡುಕಬೇಕು. ನನ್ನ ತಕ್ಕಡಿ ವಾಲುವುದು ಅಲ್ಲಿ. ಕತ್ತರಿಸುವ, ಅಂಟಿಸುವ ಕೆಲಸ ಬೇಡ ಅನ್ನುವವರು, ಮಲಗುವ ಕೋಣೆಗೆ ಒಂದೇ ಸಾಕು ಅನ್ನುವವರು ಪ್ಯೂರಿಫೈಯರನ್ನೇ ತರಲಿ, ಬೇಕಾದ್ದಕ್ಕಿಂತ ಎರಡು ಪಟ್ಟು ಸಿಎಡಿಆರ್ ಇರುವುದನ್ನು ತಂದು ನಡುವಿನ ಸ್ಪೀಡಿನಲ್ಲಿ ಓಡಿಸಲಿ. ಫ್ಯಾಕ್ಟರಿಯ ಘಾಟು ವಾಸನೆಗೆ ಇವೆರಡೂ ಹೆಚ್ಚು ಉಪಯೋಗವಿಲ್ಲ.

ಎರಡು ಸಾವಿರಕ್ಕಿಂತ ಹೆಚ್ಚು ಆಗದು ಅನ್ನುವವರಿಗೆ ಹೊರಗೋಡೆಗೆ 9 ಇಂಚಿನ ಎಕ್ಸಾಸ್ಟ್, ಎದುರು ಕಿಟಕಿಗೆ ಪರದೆ. ಡಬ್ಬಿ ಇದ್ದವರೂ ಎಕ್ಸಾಸ್ಟನ್ನು ಕಿತ್ತು ಹಾಕಬಾರದು: ಪ್ರತಿ ಬ್ಯಾಚ್ ಬಿಟ್ಟ ಮೇಲೆ ಹತ್ತು ನಿಮಿಷ ಬಾಗಿಲು, ಕಿಟಕಿ ತೆಗೆದು ಅದನ್ನು ಓಡಿಸಿ, ಪಾಠದ ಹೊತ್ತಿನಲ್ಲಿ ಕಿಟಕಿ ನಾಲ್ಕು ಬೆರಳು ತೆರೆದಿಟ್ಟು ಡಬ್ಬಿ ಓಡಿಸಿ. ಒಳಗೆ ನುಗ್ಗುವ ಧೂಳನ್ನು ಡಬ್ಬಿ ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಸಂದಿಯಲ್ಲಿ ಹೋಗುತ್ತದೆ. ಮೀಟರ್ ಅಷ್ಟರಲ್ಲೂ 1200ರ ಮೇಲೇ ನಿಂತರೆ ಬ್ಯಾಚನ್ನು ಎರಡು ಮಾಡಬೇಕು, ಅದಕ್ಕೆ ಯಾವ ಫಿಲ್ಟರೂ ಇಲ್ಲ.