ಮನೆ ಹತ್ರಾನೇ ಬಂದು ಗಾಡಿ ಪೇಂಟ್ ಮಾಡಿಕೊಡ್ತೀನಿ ಅನ್ನೋರನ್ನ ನಂಬೋ ಮುಂಚೆ ನನ್ನ ಟಾಟಾ 407 ಗಾಡಿ ಕಥೆ ಓದಿ

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಹದಿನೈದು ದಿನ ಕಾದೆ. ಇಳಿಯಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಎರಡು ಸಲ ಹೇಳಿದರೆ ಬೇಜಾರು ಮಾಡ್ಕೋಬೇಡಿ. ಹಳೇ ಗೂಡ್ಸ್ ಗಾಡಿ ಇರೋರು, ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಹತ್ರ ಬಂತು, ಕಡಿಮೆ ದುಡ್ಡಲ್ಲಿ ಮನೆ ಮುಂದೆಯೇ ಬಾಡಿ ರೆಡಿ ಮಾಡಿಸೋಣ ಅಂತಿರೋರು ದಯವಿಟ್ಟು ಪೂರ್ತಿ ಓದಿ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಕಾಯಿ, ಕೊಬ್ಬರಿ ಸಾಗಿಸೋಕೆ ಅಂತ ಅಪ್ಪ ತಗೊಂಡ 2010ರ ಟಾಟಾ 407. ಇಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಎದ್ದೇಳುತ್ತೆ. ಕ್ಯಾಬಿನ್ ಮಾತ್ರ ಕೇಳಬೇಡಿ. ಎರಡೂ ಬಾಗಿಲಿನ ಕೆಳಗಡೆ ತುಕ್ಕು ತಿಂದು ತೂತು. ವೈಪರ್ ಕೆಳಗೆ ಗುಳ್ಳೆ. ಡ್ರೈವರ್ ಕಾಲಡಿ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಕ್ಕೊಂದು ಎಫ್‌ಸಿ ಅಂತ ನಿಮಗೆ ಗೊತ್ತೇ ಇದೆ. ನಮ್ಮದು ಜೂನ್‌ನಲ್ಲಿತ್ತು. ತುಮಕೂರಿನ ಒಂದು ಗ್ಯಾರೇಜಲ್ಲಿ ಕೇಳಿದೆ. ಟಿಂಕರಿಂಗ್ (ತಗಡಿನ ಕೆಲಸ), ಪೇಂಟ್ ಎಲ್ಲ ಸೇರಿ 60,000, ಗಾಡಿ ಹದಿನೈದು ದಿನ ಬಿಡಬೇಕು ಅಂದರು. ಜಾಸ್ತಿ ಆಯ್ತು ಅನ್ನಿಸಿತು. ಈಗ ಅನ್ನಿಸ್ತಿಲ್ಲ, ಬಿಡಿ.

ಆಗ ಸಿಕ್ಕಿದ್ದು ಇವನು. ಹೆಸರು ಬರೆಯಲ್ಲ. ಪರಿಚಯದವರೊಬ್ಬರ ಟ್ರ್ಯಾಕ್ಟರ್ ಟ್ರೇಲರ್‌ಗೆ ಬಣ್ಣ ಹೊಡೆದಿದ್ದ, ಮಿರಮಿರ ಅಂತಿತ್ತು. ಟ್ರೇಲರ್‌ಗೆ ಬಣ್ಣ ಹೊಡೆಯೋದೇ ಬೇರೆ, ತುಕ್ಕು ಹಿಡಿದ ಕ್ಯಾಬಿನ್ ರೆಡಿ ಮಾಡೋದೇ ಬೇರೆ ಅಂತ ಆಗ ನನ್ನ ತಲೆಗೆ ಹೊಳೀಲಿಲ್ಲ. ಬಂದ, ಗಾಡಿ ಸುತ್ತ ಒಂದು ಸುತ್ತು ಹಾಕಿದ, ಬಾಗಿಲು ತಟ್ಟಿದ.

"ಇಷ್ಟೇನಾ ಅಣ್ಣ? ಗ್ಯಾರೇಜಿಗೆ ಯಾಕೆ ಹೋಗ್ತೀರಾ? ಕಂಪ್ರೆಸರ್, ಗನ್ನು ಎಲ್ಲ ನನ್ನದೇ. ನಿಮ್ಮ ಕಣದಲ್ಲೇ ಮಾಡಿಕೊಡ್ತೀನಿ. 33,000 ಕೊಡಿ. ಉಜ್ಜೋ ಕೆಲಸ ನೀವೇ ಮಾಡ್ಕೊಂಡ್ರೆ ಐದು ಸಾವಿರ ಬಿಡ್ತೀನಿ."

ಆ ಐದು ಸಾವಿರಕ್ಕೆ ನಾನು ಬಿದ್ದಿದ್ದು. ಐದು ಸಾವಿರಕ್ಕೆ ಅಂತ ಹೇಳೋದೂ ಪೂರ್ತಿ ನಿಜ ಅಲ್ಲ. ನನಗೂ ಒಂದು ಆಸೆ ಇತ್ತು. ಮೊಬೈಲಲ್ಲಿ ಗಾಡಿ ಪೇಂಟ್ ಮಾಡೋ ವಿಡಿಯೋ ನೋಡಿ ನೋಡಿ, ನಾನೂ ಮಾಡಬಲ್ಲೆ ಅನ್ನೋ ಹುಮ್ಮಸ್ಸು. ಮಗನಿಗೆ ರಜಾ ಬೇರೆ ಇತ್ತು. ಸಾಮಾನು ನಮ್ಮದು, ಕೂಲಿ 28,000 ಅಂತ ಮಾತಾಯ್ತು. 15,000 ಅಡ್ವಾನ್ಸ್ ಫೋನ್‌ಪೇ ಮಾಡಿದೆ. "ನನ್ನ ಅಕೌಂಟ್ ಲಾಕ್ ಆಗಿದೆ ಅಣ್ಣ, ಭಾಮೈದನ ನಂಬರಿಗೆ ಹಾಕಿ" ಅಂದ. ಹಾಕಿದೆ. ಓದೋರಿಗೆ ಇಲ್ಲೇ ಗೊತ್ತಾಗ್ತಿದೆ ಅಲ್ವಾ? ನನಗೆ ಗೊತ್ತಾಗಲಿಲ್ಲ.

ಏಪ್ರಿಲ್ ಬಿಸಿಲಲ್ಲಿ ಆರು ದಿನ ಉಜ್ಜಿದ್ವಿ. 80 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 120, ತುಕ್ಕಿರೋ ಕಡೆ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ. ಬಾಯಲ್ಲೆಲ್ಲ ಬಣ್ಣದ ರುಚಿ. ಆ ವಾರ ನ್ಯಾಯಬೆಲೆ ಅಂಗಡಿಗೆ ಹೋದರೆ ಮೆಷಿನ್ ನನ್ನ ಹೆಬ್ಬೆಟ್ಟು ತಗೊಳ್ಳಲೇ ಇಲ್ಲ. ಬೆರಳಿನ ಗೆರೆ ಅಷ್ಟು ಸವೆದಿತ್ತು. ಅಂಗಡಿಯವನು ನಕ್ಕ, ನಾನೂ ಹೆಮ್ಮೆಯಿಂದ "ಗಾಡಿ ಕೆಲಸ ನಡೀತಿದೆ" ಅಂದೆ. ಹೆಮ್ಮೆಯಿಂದ!

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ತುಕ್ಕು ತಿಂದ ಭಾಗವನ್ನ ಏನು ಮಾಡಬೇಕು ಅಂತ ಈ ಕೆಲಸ ಒಂದು ಸಲ ನೋಡಿದವರಿಗೂ ಗೊತ್ತು. ಗಟ್ಟಿ ತಗಡು ಸಿಗೋವರೆಗೆ ಕತ್ತರಿಸಬೇಕು, ಹೊಸ ಶೀಟ್ ಇಟ್ಟು ವೆಲ್ಡ್ ಮಾಡಬೇಕು, ಆಮೇಲೆ ಪ್ರೈಮರ್, ಆಮೇಲೆ ತೆಳ್ಳಗೆ ಪುಟ್ಟಿ, ಅಂದ್ರೆ ತಗ್ಗು ಸಮ ಮಾಡೋಕೆ ಮೆತ್ತೋ ಪೇಸ್ಟು. ಅವನೂ ಹಾಗೇ ಹೇಳಿದ್ದ. ಅವನು ಹೇಳಿದಂತೆ 20 ಗೇಜ್ ಶೀಟ್ ಒಂದು ತಂದಿಟ್ಟಿದ್ದೆ. ವೆಲ್ಡಿಂಗ್ ಮಾಡಬೇಕಿದ್ದ ದಿನ ಬೆಳಿಗ್ಗೆ ಬಂದು, "ಅಣ್ಣ, ಪಿಯು ಪೇಂಟು, ಹಾರ್ಡನರ್ರು ಇವತ್ತೇ ತಂದುಬಿಡಿ, ತುಮಕೂರಲ್ಲಿ ಒಳ್ಳೇ ಮಾಲು ಸಿಗುತ್ತೆ" ಅಂತ ನನ್ನ ಸಾಗಹಾಕಿದ. ಪಿಯು ಅಂದ್ರೆ ಪಾಲಿಯುರೆಥೇನ್ ಬಣ್ಣ, ಹಾರ್ಡನರ್ ಅಂದ್ರೆ ಅದು ಗಟ್ಟಿಯಾಗಲಿ ಅಂತ ಬೆರೆಸೋದು. ಮಗನನ್ನೂ ಕರ್ಕೊಂಡು ಬಸ್ಸು ಹತ್ತಿದೆ. ಸಂಜೆ ಬಂದರೆ ಎರಡೂ ಬಾಗಿಲು ನೈಸಾಗಿ ಪುಟ್ಟಿ ಮೆತ್ತಿ ನಿಂತಿದೆ.

"ವೆಲ್ಡಿಂಗ್ ಆಯ್ತಾ ಮೇಸ್ತ್ರಿ?"

"ಆಯ್ತಲ್ಲ ಅಣ್ಣ. ಹುಡುಗನ್ನ ಕರೆಸಿ ಮಾಡಿಸಿದೆ. ಪೂರ್ತಿ ಶೀಟ್ ಹಿಡಿಸ್ತು. ಅದಕ್ಕೆ 1,800 ಬೇರೆ ಆಗುತ್ತೆ."

ಕೊಟ್ಟೆ. ಎಲ್ಲಿ ತೋರಿಸು ಅಂತ ಕೇಳಲಿಲ್ಲ. ಬಾಗಿಲಿನ ಒಳಗಡೆಯಿಂದ ಕೈ ಹಾಕಿ ನೋಡಲಿಲ್ಲ. ರಾತ್ರಿ ಹೆಂಡತಿ ಹೇಳಿದಳು, "ಯಾರೂ ಹುಡುಗ ಬರಲಿಲ್ಲಪ್ಪ. ಗ್ರೈಂಡರ್ ಸದ್ದು ಬಂತು ಅಷ್ಟೇ. ಹಳೇ ಪೇಪರ್ ಕೊಡಿ ಅಕ್ಕ, ಗಾಜಿಗೆ ಅಂಟಿಸೋಕೆ ಬೇಕು ಅಂದ, ಒಂದು ಕಟ್ಟು ಕೊಟ್ಟೆ." ನಾನು ಏನಂದೆ ಗೊತ್ತಾ? "ನಿನಗೆ ಈ ಕೆಲಸ ಗೊತ್ತಾಗಲ್ಲ ಸುಮ್ನಿರು" ಅಂದೆ. ಆ ಮಾತನ್ನ ಅವಳು ಈಗ ದಿನಕ್ಕೊಂದು ಸಲ ನನಗೆ ವಾಪಸ್ ಹೇಳ್ತಾಳೆ. ಹೇಳಲಿ.

ಪುಟ್ಟಿನೂ ನನ್ನ ಕೈಲೇ ಉಜ್ಜಿಸಿದ, ಅದೂ ನೀರು ಹಾಕಿ. "ವಾಟರ್ ಪೇಪರ್ ಅಂತ ಸುಮ್ನೆ ಹೆಸರಿಟ್ಟಿದಾರಾ ಅಣ್ಣ, ನೀರು ಹಾಕಿ ಉಜ್ಜಿ, ಧೂಳು ಬರಲ್ಲ." ಈ ಪುಟ್ಟಿ ನೀರು ಕುಡಿಯುತ್ತೆ, ಕುಡಿದದ್ದನ್ನ ಒಳಗಿನ ತಗಡಿಗೆ ಕೊಡುತ್ತೆ, ಅದನ್ನ ಒಣಗಿದ್ದಾಗಲೇ ಉಜ್ಜಬೇಕು, ನೀರು ಏನಿದ್ದರೂ ಮೇಲೆ ಸರ್ಫೇಸರ್ ಅನ್ನೋ ಪ್ರೈಮರ್ ಪದರ ಬಂದ ಮೇಲೆ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಪ್ರೈಮರ್ ಹೊಡೆದ ದಿನ ಮುಂದಿನ ಮೂತಿಯ ಹಳೇ ಎನಾಮಲ್ ಬಣ್ಣ ಕೋಳಿ ಕಾಲಿನ ಚರ್ಮದ ಹಾಗೆ ಸುಕ್ಕಾಗಿ ಎದ್ದಿತು. ಪ್ರೈಮರ್‌ಗೆ ಬೆರೆಸಿದ ಥಿನ್ನರ್ ಹಳೇ ಬಣ್ಣವನ್ನ ಎಬ್ಬಿಸಿದ್ದು ಅದು. "ಬಿಸಿಲಿಗೆ ಅಣ್ಣ" ಅಂದ. ಅವತ್ತೂ 8,000 ಕೊಟ್ಟೆ.

ಪಿಯು ಹೊಡೆಯುವಾಗ ಮಗ ಪಕ್ಕದಲ್ಲೇ ನಿಂತು ಪೈಪ್ ಹಿಡಿದಿದ್ದ. ಮಾಸ್ಕ್ ಬೇಡವಾ ಅಂದರೆ "ಟವೆಲ್ ಕಟ್ಕೊಂಡ್ರೆ ಸಾಕು" ಅಂದ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ, ಉಸಿರಾಟಕ್ಕೆ ಕೆಟ್ಟದ್ದು, ಟವೆಲ್ಲು ಅದನ್ನ ತಡೆಯಲ್ಲ. ಮಗ ಎರಡು ದಿನ ಕೆಮ್ಮಿದ. ದುಡ್ಡು ಹೋದದ್ದಕ್ಕಿಂತ ಇದಕ್ಕೇ ನನಗೆ ಹೊಟ್ಟೆ ಉರಿಯೋದು.

ಮುಗಿದ ದಿನ ಗಾಡಿ ನಿಜವಾಗಲೂ ಚೆನ್ನಾಗಿ ಕಾಣುತ್ತಿತ್ತು. ಸುಳ್ಳು ಹೇಳಲ್ಲ. ಹಾಲಿನ ಹಾಗೆ ಬಿಳಿ. ಅಮ್ಮ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಅವನು ನನ್ನನ್ನ ಬಾಗಿಲ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಉಳಿದ 5,000 ಕೊಟ್ಟೆ. ಮೇಲೆ 500 ಊಟಕ್ಕೆ ಅಂತ ನಾನೇ ಕೊಟ್ಟೆ.

ಮೂರು ವಾರ. ಬರೀ ಮೂರು ವಾರ.

ರೋಹಿಣಿ ಮಳೆ ಒಂದು ರಾತ್ರಿ ಚೆನ್ನಾಗಿ ಹೊಡೆಯಿತು. ಬೆಳಿಗ್ಗೆ ಕಾಯಿ ತುಂಬೋಕೆ ಅಂತ ಬಾಗಿಲು ತೆಗೆದರೆ ಒಳಗೆ ಗುಳುಗುಳು ಅಂತ ಸದ್ದು. ಬಾಗಿಲು ಆಡಿಸಿದೆ. ಬಿಂದಿಗೆ ಆಡಿಸಿದ ಹಾಗೆ. ಕೆಳಗಡೆ ಬಗ್ಗಿ ನೋಡಿದೆ. ಬಾಗಿಲ ತಳದಲ್ಲಿ ನೀರು ಇಳಿದು ಹೋಗೋಕೆ ತೂತು ಇರುತ್ತಲ್ಲ, ಅದನ್ನೂ ಪುಟ್ಟಿ ಮೆತ್ತಿ ಮುಚ್ಚಿಬಿಟ್ಟಿದ್ದಾನೆ. ಗಾಜಿನ ರಬ್ಬರಿನಿಂದ ಇಳಿದ ನೀರೆಲ್ಲ ಒಳಗೇ ನಿಂತಿದೆ. ತಳದಿಂದ ಒಂದು ಗೇಣು ಮೇಲೆ ಅಂಗೈ ಅಗಲ ಗುಳ್ಳೆ. ಹೆಬ್ಬೆರಳಲ್ಲಿ ಒತ್ತಿದೆ. ಹಪ್ಪಳದ ಹಾಗೆ ಮುರಿಯಿತು.

ಸ್ಕ್ರೂ ಡ್ರೈವರ್ ತಂದು ಎಬ್ಬಿದೆ. ಬೆರಳು ದಪ್ಪ ಪುಟ್ಟಿ ಚಕ್ಕೆ ಚಕ್ಕೆಯಾಗಿ ಬಿತ್ತು. ಹಿಂದೆ ತಗಡಿಲ್ಲ. ತಗಡೇ ಇಲ್ಲ! ಹಳೇ ತೂತು ಹಾಗೇ ಇದೆ, ಅದರೊಳಗೆ ಒದ್ದೆ ಕಾಗದದ ಉಂಡೆ. ಒಂದು, ಎರಡು, ಮೂರು ಎಳೆದೆ. ಮೂರನೆಯದನ್ನ ಬಾನೆಟ್ ಮೇಲೆ ಹರವಿದರೆ ಪದಬಂಧ. ಅರ್ಧ ತುಂಬಿದೆ, ನೀಲಿ ಪೆನ್ನಲ್ಲಿ. ಪಕ್ಕದ ಅಂಚಿನಲ್ಲಿ ಕೊಬ್ಬರಿ ಚೀಲದ ಲೆಕ್ಕ. ಅಪ್ಪನ ಅಕ್ಷರ.

ನಮ್ಮ ಮನೆ ಪೇಪರ್. ನಮ್ಮ ಮನೆ ಪೇಪರನ್ನೇ ನಮ್ಮ ಗಾಡಿಗೆ ತುರುಕಿ, ಅದರ ಮೇಲೆ ಪುಟ್ಟಿ ಹಾಕಿ, ಆ ಪುಟ್ಟಿನ ನನ್ನ ಕೈಲೇ ಉಜ್ಜಿಸಿ, ವೆಲ್ಡಿಂಗ್ ಅಂತ 1,800 ತಗೊಂಡು ಹೋಗಿದ್ದಾನೆ. ಅಪ್ಪ ಹಿಂದೆ ಬಂದು ನಿಂತಿದ್ದರು. ಕನ್ನಡಕ ಹಾಕಿಕೊಂಡು ನೋಡಿ, "ಇದು ನಂದೇ ಕಣೋ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಫೋನ್ ಮಾಡಿದೆ. ಆ ಮಾತುಗಳನ್ನ ಹಾಗೇ ಬರೀತೀನಿ, ನಿಮಗೂ ಯಾರಾದರೂ ಹೀಗೇ ಹೇಳಬಹುದು.

ಮೊದಲ ದಿನ: "ಅದು ಹಿಂದಿನ ಪೇಂಟರ್ ತುರುಕಿದ್ದು ಇರಬೇಕು ಅಣ್ಣ. ನಾನು ಕಾಗದ ಗೀಗದ ಇಡೋನಲ್ಲ."

ಪದಬಂಧದ ಫೋಟೋ ಕಳಿಸಿದೆ. ಪುಟದ ಮೇಲೆ ತಾರೀಖು ಇತ್ತು, ಇದೇ ಏಪ್ರಿಲ್‌ದು. ನೀಲಿ ಟಿಕ್ ಬಂತು. ಎರಡು ದಿನ ಉತ್ತರ ಇಲ್ಲ.

ಮೂರನೇ ದಿನ: "ತಗಡು ಇದ್ರೆ ತಾನೇ ಅಣ್ಣ ವೆಲ್ಡಿಂಗ್ ಹಿಡಿಯೋದು? ನಿಮ್ಮ ಗಾಡೀಲಿ ತಗಡೇ ಇರಲಿಲ್ಲ."

ಹಾಗಾದರೆ 1,800 ಯಾಕೆ ತಗೊಂಡೆ? ನನ್ನ ಶೀಟ್ ಎಲ್ಲಿ?

"ಶೀಟ್ ಅಲ್ಲೇ ಎಲ್ಲೋ ಇರುತ್ತೆ ನೋಡಿ."

ಆಮೇಲೆ ಬಂತು ನೋಡಿ ಅಸಲಿ ಮಾತು. "ನೀವು ನೀರು ಹಾಕಿ ಉಜ್ಜಿದ್ರಲ್ಲ, ಅದಕ್ಕೇ ಎದ್ದಿದೆ. ಉಜ್ಜಿದ್ದು ನೀವು, ನಾನಲ್ಲ." ನೀರು ಹಾಕು ಅಂತ ಹೇಳಿದ್ದು ಯಾರಪ್ಪಾ! ಇದನ್ನ ಕೇಳಿದಾಗ ಎರಡು ನಿಮಿಷ ನನಗೆ ಮಾತೇ ಹೊರಡಲಿಲ್ಲ. ನನ್ನ ಬೆರಳು ಸವೆಸಿಕೊಂಡ ಆರು ದಿನವನ್ನೇ ನನ್ನ ಮೇಲೆ ತಿರುಗಿಸಿದ.

ಕಂಪ್ಲೇಂಟ್ ಕೊಡ್ತೀನಿ ಅಂದೆ. "ಕೊಡಿ ಅಣ್ಣ. ಬಿಲ್ ಇದೆಯಾ?"

ಇಲ್ಲ. ಬಿಲ್ ಇಲ್ಲ. ಅಡ್ವಾನ್ಸ್ ಹೋಗಿರೋದು ಭಾಮೈದನಿಗೆ, ಉಳಿದದ್ದೆಲ್ಲ ಕೈಗೆ ಕ್ಯಾಶ್. ಅವನಿಗೂ ಅದು ಗೊತ್ತು.

ಕೊನೆಗೆ ತಿಪಟೂರಿನ ವಯಸ್ಸಾದ ಟಿಂಕರ್ ಒಬ್ಬರ ಹತ್ರ ಗಾಡಿ ಒಯ್ದೆ. ಅವರು ನನಗೆ ಬೈಯಲೂ ಇಲ್ಲ. ಹಳೇ ಸ್ಪೀಕರಿನ ಅಯಸ್ಕಾಂತ, ಬಟ್ಟೆ ಸುತ್ತಿದ್ದು, ಜೇಬಿಂದ ತೆಗೆದು ಬಾಗಿಲ ಮೇಲ್ಭಾಗಕ್ಕೆ ಇಟ್ಟರು. ಟಪ್ ಅಂತ ಹಿಡಿಯಿತು. ಹಾಗೇ ಕೆಳಕ್ಕೆ ಎಳೆದುಕೊಂಡು ಬಂದರು. ಹಿಡಿಕೆ ದಾಟಿ ಒಂದು ಮೊಳ ಕೆಳಗೆ ಬರುವಷ್ಟರಲ್ಲಿ ಕೈ ಬಿಟ್ಟರೆ ಜಾರಿ ನೆಲಕ್ಕೆ ಬಿತ್ತು. ಅಯಸ್ಕಾಂತ ಹಿಡಿಯೋದು ತಗಡನ್ನ, ಪುಟ್ಟಿಯನ್ನಲ್ಲ. ಇನ್ನೊಂದು ಬಾಗಿಲು, ಅಲ್ಲೂ ಬಿತ್ತು. ಕಾಲಡಿ ತಗಡು, ಅಲ್ಲೂ ಅಷ್ಟೇ. ಪುಟ್ಟಿ ಮೂರು ಮಿಲಿಮೀಟರ್ ದಾಟಬಾರದು, ಅದು ತಗ್ಗು ತುಂಬೋಕೆ, ತೂತು ಮುಚ್ಚೋಕಲ್ಲ ಅಂದರು. ಬಿಳಿ ಬಣ್ಣದ ಮೇಲೆ ಅಲ್ಲಲ್ಲಿ ಹಳದಿ ಕಲೆಯೂ ಬಂದಿತ್ತು, ಅದು ಬೇಗ ಗಟ್ಟಿಯಾಗಲಿ ಅಂತ ಪುಟ್ಟಿಗೆ ಕೆಂಪು ಹಾರ್ಡನರ್ ಜಾಸ್ತಿ ಹಾಕಿದ್ದರ ಗುರುತಂತೆ. ನೂರು ಗ್ರಾಮಿಗೆ ಎರಡು ಗ್ರಾಮಿನಷ್ಟು ಸಾಕು. ಇವನು ಟ್ಯೂಬ್ ಹಿಂಡಿದ್ದು ಟೂತ್‌ಪೇಸ್ಟ್ ಹಿಂಡಿದ ಹಾಗೆ. ನಾನೇ ಕಣ್ಣಾರೆ ನೋಡಿದ್ದೆ.

ಬಾಗಿಲೆರಡರ ಕೆಳಭಾಗ ಕತ್ತರಿಸಿ ಹೊಸದು ಹಾಕಬೇಕು, ಫ್ಲೋರ್ ಪೂರ್ತಿ ತೆಗೀಬೇಕು, ಮೇಲಿನ ಬಣ್ಣವನ್ನೂ ಕಿತ್ತು ಮೊದಲಿಂದ. 55,000 ಹೇಳಿದ್ದಾರೆ. ಕೂಲಿ 28,000, ವೆಲ್ಡಿಂಗ್ 1,800, ಸಾಮಾನು ಸುಮಾರು 12,000, ಊಟಕ್ಕೆ 500, ಎಲ್ಲ ಆಗಲೇ ನೀರಿಗೆ ಹೋಗಿತ್ತು. ಅದರ ಮೇಲೆ ಇದು. 60,000 ಜಾಸ್ತಿ ಅಂದವನು ನಾನೇ.

ನಿಮಗೆ ಹೇಳೋದು ಇಷ್ಟು. ಮನೇಲಿ ಮಾಡಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಉಜ್ಜೋದು ಖಂಡಿತ ನೀವೇ ಮಾಡಬಹುದು. ಆದರೆ ವೆಲ್ಡಿಂಗ್ ದಿನ ತುಮಕೂರಿಗಲ್ಲ, ಮಗ್ಗುಲ ಮನೆಗೂ ಹೋಗಬೇಡಿ. ಪುಟ್ಟಿ ಹಾಕೋ ಮುಂಚೆ ಬರೀ ತಗಡಿನ ಫೋಟೋ ತೆಗೀರಿ, ಒಳಗಡೆಯಿಂದಲೂ. ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ದುಡ್ಡು ಭಾಮೈದ, ಚಿಕ್ಕಪ್ಪ ಯಾರ ನಂಬರಿಗೂ ಹಾಕಬೇಡಿ. ಹಳೇ ಪೇಪರ್ ಕೇಳಿದರೆ ಎಷ್ಟು ಹಾಳೆ ಕೊಟ್ಟಿರಿ ಅಂತ ಎಣಿಸಿ. ಇದು ತಮಾಷೆಗೆ ಹೇಳಿದ್ದಲ್ಲ.

ಹೆಂಡತಿ ಏನಾದರೂ ಅಂದರೆ ಕೇಳಿ.

ನಿನ್ನೆ ರಾತ್ರಿ ಮಗ ಮೊಬೈಲ್ ತಂದು ತೋರಿಸಿದ. ಆ ಪೇಂಟರ್‌ನ ವಾಟ್ಸಾಪ್ ಸ್ಟೇಟಸ್. "ಮನೆ ಬಾಗಿಲಿಗೇ ಬಂದು ಟಿಂಕರಿಂಗ್, ಪೇಂಟಿಂಗ್ ಮಾಡಿಕೊಡಲಾಗುವುದು" ಅಂತ ಬರೆದು ಕೆಳಗೆ ನಮ್ಮ ಗಾಡಿ ಹಾಕಿದ್ದಾನೆ. ನಿಂಬೆಹಣ್ಣು, ಕುಂಕುಮ ಎಲ್ಲ ಕಾಣುತ್ತೆ. ಪಕ್ಕದಲ್ಲಿ ನಾನು. ಆ ಬಾಗಿಲ ಮೇಲೇ ಕೈ ಇಟ್ಟುಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದೇನೆ. ತೆಗಿ ಅಂತ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂದಿದೆ.